ಹಡಗು ಕರಾಚ್ಯಾಗ ನಿಂದರ್ತದ

ಉಮರಗಾ ತಾಲೂಕು
೮ ಫೆಬ್ರುವರಿ ೧೯೫೯

ದೋಸ್ತ ಖಾಜಾಮಿಯಾಗ ರೇವಣ್ಯಾನ ಶರಣಾರ್ಥಿ ಭೀ, ಸಲಾಮ ಭೀ. ಎರಡರಾಗ ನಿನಗ ಬೇಕಾದ್ದು ಇಟ್ಕೋ, ಉಳದದ್ದು ಹುಸೇನಬಿ ಅಮ್ಮಿಗಿ ಕೊಡು.

ಮೂರು ವರ್ಷದ ಮ್ಯಾಲ ಕಾಗದ ಬರದಾನ ಅಂದ್ರ ಏನೋ ಕೆಲಸ ಬಿದ್ದದ ಅಂತ ನಿನಗ ತಿಳದೇ ಇರ್ತದ. ಬಿದ್ದದ. ನಾ ಪರದೇಶಕ್ಕ ಹೊಂಟೀನಿ. ನಗಾದು ಮುಗಿಸಿ ಮುಂದ ಓದು.

ನಿಲಂಗಾದ ವೈಜಿನಾಥ ಮಾಸ್ತರ ನಿನಗ ನೆನಪಿರಬೇಕು, ಖಾದಿ ಟೊಪಿಗಿ, ಉದ್ದನ ಮೂಗು. ಅವರದು ಸೋಲಾಪುರದಾಗ ಒಂದು ಸೇವಾ ಮಂಡಳಿ ಅದ. ಆ ಮಂಡಳಿಯವರು ಈ ಬ್ಯಾಸಗಿಗಿ ಮಾಸ್ತರಿಗಿ ಭೀ ಕೂಡಿಸಿ ಆರು ಮಂದಿಗಿ ಟ್ಯುನಿಸ್ ಅಂಬೋ ದೇಶಕ್ಕ ಮೂರು ತಿಂಗಳು ಕಳಸ್ಲಕತ್ತಾರ. ಆಫ್ರಿಕಾದ ನೆತ್ತಿ ಮ್ಯಾಲ ಅದ ಅಂತ. ಅದರ ಬಾಜೂಕ ಅಲ್ಜೀರಿಯಾ. ಅಲ್ಲಿ ಫ್ರೆಂಚರ ಸಂಗಾಟ ಲಡಾಯಿ ನಡದು ನಾಕು ವರ್ಷ ಆಯ್ತಂತ. ಮಂದಿ ಹೆಂಡ್ರು ಮಕ್ಕಳ ಕಟ್ಕೊಂಡು ಗಡಿ ದಾಟಿ ಟ್ಯುನಿಸ್ದಾಗ ಡೇರೆ ಹಾಕ್ಯಾರ. ಗಡಿ ಮ್ಯಾಲ ಇನ್ನಾ ಗುಂಡು ಹಾರ್ತಾವಂತ. ಆ ಡೇರೆ ಮಂದಿಗಿ ಕುಡೀಲಕ ನೀರಿಲ್ಲ. ಮಂಡಳಿಯವರಿಗಿ ನರ್ಸಬಾಯಿ ಸಿಕ್ಕಾರ, ಸಾಲಿ ಕಲ್ಸವರು ಸಿಕ್ಕಾರ, ಬಾವಿ ತೋಡಾಂವಾ ಸಿಕ್ಕಿಲ್ಲ. ಮಾಸ್ತರ ಸೈಕಲ್ ಹೊಡ್ಕೊಂಡು ನನ್ನ ಹೊಲಕ್ಕೇ ಬಂದ್ರು. ನಾಕನೇ ಇಯತ್ತಾ ನಾಪಾಸಾದವಗ ಯಾವ ದೇಶರೀ ಅಂದೆ. ನೀರಿಗಿ ಸರ್ಟಿಫಿಕೇಟ ಬೇಕಾಗಿಲ್ಲ ರೇವಣಪ್ಪ ಅಂದ್ರು.

ನಾ ಬಾವಿ ತೋಡಾ ಹಾರಿ ಕೆಳಗ ಇಟ್ಟು ಹತ್ತು ವರ್ಷ ಆಯ್ತು, ನಿನಗ ಗೊತ್ತದ. ಮಂದಿ ಇನ್ನಾ ಬಾವಿ ರೇವಣಪ್ಪ ಅಂತೇ ಕರೀತಾರ. ಯಾಕ ಹೂಂ ಅಂದೆ ನನಗೇ ತಿಳೀಲಿಲ್ಲ. ಅಂದುಬಿಟ್ಟೆ. ಹೆಂಡತಿ ಕಸ್ತೂರಬಾಯಿಗಿ ಹೇಳಿದೆ. ಅವತ್ತಿನಿಂದ ಆಕಿ ರೊಟ್ಟಿ ಜೋರ ಬಡೀಲಕತ್ತಾಳ.

ನಿನ್ನ ಕಡಿಂದ ಆಗಬೇಕಾದ್ದು ಇಷ್ಟೇ. ಅಲ್ಲಿ ಎಲ್ಲಾರೂ ನಿಮ್ಮವರು. ಹ್ಯಾಂಗ ಮಾತಾಡಸಬೇಕು, ನೀರಿಗಿ ಏನಂತಾರ, ಬಾವಿಗಿ ಏನಂತಾರ, ಯಾವ ಮೌಲ್ವಿಗಿ ಆದ್ರೂ ಕೇಳಿ ಬರದು ಕಳಸು. ರಾಚಯ್ಯನವರ ಮಠದಾಗ ನಾವಿಬ್ಬರೂ ಒಂದೇ ಉಸುಕಿನ್ಯಾಗ ಅಕ್ಷರ ತಿದ್ದಿದ್ದು ಇದಕ್ಕೇ ಇರಬೇಕು.

ನಿನ್ನ ಹಳೇ ದೋಸ್ತ
ರೇವಣಪ್ಪ


ಶಾಲಿಬಂಡಾ, ಹೈದ್ರಾಬಾದ
೨೩ ಫೆಬ್ರುವರಿ ೧೯೫೯

ರೇವಣ್ಯಾ,

ಸಲಾಮ ನಾ ಇಟ್ಕೊಂಡೆ. ಅಮ್ಮಿ ಎರಡೂ ತನಗೇ ಬೇಕು ಅಂತಾಳ.

ಕನ್ನಡ ಬರದು ಎಷ್ಟು ದಿನ ಆಗಿತ್ತೋ. ಅಕ್ಷರ ಕುಂಟಲಕತ್ತಾವ, ನಾಲ ಬಿಚ್ಚಿದ ಎತ್ತಿನಂಗ. ಇಲ್ಲಿ ಎತ್ತು ಎಲ್ಲೀವು ಬಿಡು. ಟಾಂಗಾ ಕುದರಿಗಿ ನಾಲ ಹೊಡೀತೀನಿ. ನಮ್ಮ ಕಡಿ ದೇವಣಿ ಎತ್ತು ಕಾಲು ಕಟ್ಟಿ ಕೆಡವಿದ್ರ ಕಣ್ಣು ಮುಚ್ಕೊಂಡು ಬಿದ್ಕೊಂಡಿರ್ತಿತ್ತು. ಈ ಕುದರಿ ನಾಲ ಹೊಡಿಸ್ಕೊಂತಾವ ಭೀ, ಒದೀತಾವ ಭೀ.

ಮೌಲ್ವಿ ಸಾಬರಿಗಿ ಕೇಳಿದೆ. ನೀರಿಗಿ 'ಮಾ', ಬಾವಿಗಿ 'ಬೀರ್'. ಅಸ್ಸಲಾಮು ಅಲೈಕುಂ ಅನ್ನು, ಉಳದದ್ದು ಕೈಸನ್ನಿ ಸಾಕು. ಎಡಗೈಲಿ ಏನೂ ಕೊಡಬ್ಯಾಡ. ಅವರ ಹೆಣ್ಣುಮಕ್ಕಳ ಎದುರು ಹಾಸ್ಯ ಮಾಡಬ್ಯಾಡ. ಇದು ನಿನ್ನಿಂದ ಆಗಂಗಿಲ್ಲ ಅಂತ ಗೊತ್ತದ, ಆದ್ರೂ ಬರದೀನಿ.

ಅಮ್ಮಿ ನಿನ್ನ ಕಾಗದ ಮೂರು ಸರ್ತಿ ಓದಿಸಿದ್ಳು. ಓಡಿ ಬಂದವರಿಗಿ ನೀರು ಕೊಡಲಕ ಹೊಂಟಾನ, ರೇವಣ್ಯಾ ಮೊದಲಿಂದೂ ಹಂಗೇ ಇದ್ದಾ ಅಂದ್ಳು. ಆಮ್ಯಾಲ ಓಣಿ ಹೆಂಗಸರಿಗಿ ಕೂಡಿಸ್ಕೊಂಡು ಅದೇ ಹಳೇ ಕತಿ. ಮಿಲಿಟ್ರಿ ಬಂದು ನಿಜಾಮನ ರಾಜ್ಯ ಹೋದ ಮ್ಯಾಲ ನಮ್ಮ ಮಂದಿ ಜೀವ ಹಿಡ್ಕೊಂಡು ಓಡಿದ್ದು, ನಾನೂ ಅಮ್ಮಿನೂ ಉದಗೀರದಾಗ ಮಾಮಾನ ಮನ್ಯಾಗ ಸಿಕ್ಕೊಂಡಿದ್ದು, ನಮ್ಮಣ್ಣ ಮೌಲಾಲಿ ಊರಾಗ ಒಬ್ಬನೇ ಉಳದದ್ದು, ನೀ ಅವಗ ನಿನ್ನ ಧೋತ್ರ ಉಡಿಸಿ ಹಣಿಗಿ ವಿಭೂತಿ ಬಡದು ಗುಲಬರ್ಗಾ ಟೇಸನಕ್ಕ ಒಯ್ದು ರೈಲ ಏರಿಸಿದ್ದು, ಅಂವಾ ಕರಾಚಿಗಿ ಹೋದದ್ದು. ಟಿಕೆಟ ಕಲೆಕ್ಟರ ಅಯ್ಯನವರ ಅಂತ ತಿಳ್ಕೊಂಡು ನಮ್ಮಣ್ಣನ ಕಾಲಿಗಿ ಬಿದ್ದಾ ಅನ್ನಾ ಮಾತಿಗಿ ಬಂದ್ರ ಆಕಿಗಿ ನಗು ತಡಿಯಂಗಿಲ್ಲ. ನಕ್ಕು ನಕ್ಕು ಕಣ್ಣು ಒರಸ್ಕೊಂತಾಳ.

ಹತ್ತು ವರ್ಷದಾಗ ಅಂವದು ಒಂದು ಚೀಟಿ ಇಲ್ಲ. ಅವಗ ಬರೀಲಕ ಬರಂಗಿಲ್ಲಲ್ಲ ಅಂತ ಆಕಿನೇ ನನಗ ಸಮಾಧಾನ ಹೇಳ್ತಾಳ.

ಹುಶಾರಾಗಿ ಹೋಗು.

ಖಾಜಾಮಿಯಾ ನಾಲಬಂದ


ಉಮರಗಾ ತಾಲೂಕು
೧೭ ಮಾರ್ಚ್ ೧೯೫೯

ಖಾಜಾ,

ಮಾ, ಬೀರ್. ಮಾ, ಬೀರ್. ನೀರು ಕುಡಿಸುವಾಗ ಎತ್ತಿಗಿ ಭೀ ಕಲಸ್ಲಕತ್ತೀನಿ. ನನಗಿಂತ ಅವೇ ಹುಶಾರ ಅವ.

ತಯಾರಿ ಜೋರ ನಡದದ. ಹೋದ ವಾರ ಸೋಲಾಪುರಕ್ಕ ಕರ್ಕೊಂಡು ಹೋಗಿದ್ರು. ದವಾಖಾನ್ಯಾಗ ಎಡ ರಟ್ಟಿಗಿ ಒಂದು ಸೂಜಿ, ಬಲ ರಟ್ಟಿಗಿ ಒಂದು ಸೂಜಿ, ದೇವಿದು ಒಂದು, ಕಾಲರಾದು ಒಂದು. ಎದಿ ನೋಡಬೇಕು, ಕೊರಳಾಗಿನ ಲಿಂಗ ತಗದಿಡು ಅಂದಾ ಕಂಪೌಂಡರ. ಲಿಂಗ ತೆಗಿಯಂಗಿಲ್ಲರೀ ಸಾಹೇಬ, ಬೇಕಾದ್ರ ಎದಿ ತಗದಿಡ್ತೀನಿ ಅಂದೆ. ಡಾಕ್ಟರಗ ನಗು ಬಂದು ಹಂಗೇ ಪಾಸ ಮಾಡಿದಾ.

ಪಾಸಪೋರ್ಟಿಗಿ ಫೋಟೋ ಬೇಕಂತ. ಫೋಟೋದಾಂವಾ ನಗಬ್ಯಾಡ ಅಂತಾನ. ನಗದಿದ್ರ ನನ್ನ ಮಾರಿ ನನಗೇ ಗುರ್ತ ಸಿಗಂಗಿಲ್ಲ, ಸರಕಾರಕ್ಕ ಹ್ಯಾಂಗ ಸಿಗಬೇಕು ಅಂದೆ. ಮೂರು ಫೋಟೋ ಹಾಳಾದವು. ನಾಕನೇದರಾಗ ಸತ್ತವನಂಗ ಬಂದೀನಿ, ಅದೇ ಛಲೋ ಅದ ಅಂದ್ರು.

ಬೂಟು ಭೀ ಕೊಟ್ಟಾರ. ಅವನ್ನ ಹಾಕ್ಕೊಂಡು ತುರೋರಿ ಸ್ಟ್ಯಾಂಡಿಗಿ ಹೋಗಿದ್ದೆ. ಹೊಸ ನಾಲ ಹೊಡಿಸ್ಕೊಂಡ ಎತ್ತಿನಂಗ ಒಂದೊಂದು ಕಾಲು ಎತ್ತೆತ್ತಿ ಇಡ್ತಿದ್ದೆ. ಚಾದ ಅಂಗಡಿಯವರು ಗಿರಾಕಿ ಬಿಟ್ಟು ಹೊರಗ ಬಂದು ನಿಂತ್ರು. ಕಸ್ತೂರಬಾಯಿ ಮೂರು ತಿಂಗಳಿಗಿ ಕಡಕ ರೊಟ್ಟಿ ಸುಟ್ಟು ಟ್ರಂಕ ತುಂಬಸ್ಲಕತ್ತಾಳ, ಶೇಂಗಾ ಹಿಂಡಿ ಬ್ಯಾರೆ. ಅಲ್ಲಿ ಮಂದಿ ಎಲ್ಲಾ ಮಾಂಸ ತಿಂತಾರ, ನೀ ಬಾವ್ಯಾಗೇ ಕುಂತು ಉಣ್ಣು ಅಂದ್ಳು. ಈ ವಿಷಯದಾಗ ಆಕಿ ಆಡಿದ್ದು ಇದೊಂದೇ ಮಾತು.

ಮಾಸ್ತರ ನಕಾಶಿ ಹಾಸಿ ತೋರಿಸಿದ್ರು. ಹಡಗು ಇಟಲಿಯವರದು. ಮೇ ಹದಿನೆಂಟಕ್ಕ ಮುಂಬಯಿ ಬಿಡ್ತದ. ಕರಾಚ್ಯಾಗ ಒಂದು ದಿನ ನಿಂದರ್ತದ, ಆಮ್ಯಾಲ ಏಡನ್, ಸುಯೇಜ್, ನೇಪಲ್ಸ್, ಅಲ್ಲಿಂದ ಸಣ್ಣ ಹಡಗು ಹತ್ತಿ ಟ್ಯುನಿಸ್. ನಮ್ಮ ಸೋಲಾಪುರ ಬಸ್ಸಿನ ಹಂಗೇ, ಯೆಣೆಗೂರಾಗ ಚಾ ಕುಡೀಲಕ ನಿಂದರ್ತದಲ್ಲ. ಇಷ್ಟು ಊರಿನ ಹೆಸರು ನಾ ಬಾಯಿಪಾಠ ಮಾಡೀನಿ ಅಂತ ರಾಚಯ್ಯನವರಿಗಿ ತಿಳದಿದ್ರ ಸಮಾಧ್ಯಾಗಿಂದ ಎದ್ದು ಬರ್ತಿದ್ರು.

ಅಮ್ಮಿಗಿ ಹೇಳು, ಏಡನ್ದಿಂದ ಖಜೂರ ತರ್ತೀನಿ.

ರೇವಣಪ್ಪ


ಹೈದ್ರಾಬಾದ
೨೭ ಮಾರ್ಚ್ ೧೯೫೯

ರೇವಣ್ಯಾ,

ಅಮ್ಮಿಗಿ ಖಜೂರ ಬ್ಯಾಡಂತ.

ನಿನ್ನ ಕಾಗದ ಓದಿ ಹೇಳ್ತಿದ್ದೆ. ಕರಾಚಿ ಅಂದ ಕೂಡ್ಲೇ ನನ್ನ ಕೈ ಹಿಡದ್ಳು. ಮತ್ತೊಮ್ಮಿ ಓದು ಅಂದ್ಳು. ಓದಿದೆ. ಒಂದು ದಿನ ಪೂರಾ ನಿಂದರ್ತದೇನು ಅಂದ್ಳು. ಹೌದು ಅಂದೆ. ಆಮ್ಯಾಲ ಆಕಿ ಅವತ್ತು ಉಣಲಿಲ್ಲ, ಖುಷಿಗಿ.

ಬಾಜೂ ಮನಿ ಕರೀಮನ ಭಾವ ಕರಾಚ್ಯಾಗ ಇದ್ದಾನ. ಅಂವಾ ಹಿಂದ ಬರದಿದ್ದಾ, ಲ್ಯಾರಿ ಅಂಬೋ ಓಣ್ಯಾಗ ದಖ್ಖನ ಕಡಿಂದ ಬಂದ ನಾಲಬಂದರು ಕತ್ತಿಗಿ, ಕುದರಿಗಿ ನಾಲ ಹೊಡೀತಾರ, ಅದರಾಗ ಒಬ್ಬ ಎಡಗೈಲಿ ಸುತ್ತಿಗಿ ಹಿಡೀತಾನ ಅಂತ. ನಮ್ಮಣ್ಣ ಎಡಚ ಅಲ್ಲೇನು. ನಾ ಅವತ್ತೇ ಅಮ್ಮಿಗಿ ಹೇಳಿದ್ದಿಲ್ಲ, ಸುಳ್ಳು ಆಶಾ ಯಾಕ ಅಂತ. ಈಗ ಹೇಳಿಬಿಟ್ಟೆ.

ಕಣ್ಣಿಗಿ ಪೊರಿ ಬಂದದ, ಆದ್ರೂ ಅವಗ ಒಂದು ಅಂಗಿ ಹೊಲೀಲಕತ್ತಾಳ. ಕೈಲಿ ಮುಟ್ಟಿ ಮುಟ್ಟಿ ಹೊಲೀತಾಳ. ಹತ್ತು ವರ್ಷದಾಗ ಅಂವಾ ದಪ್ಪ ಆಗಿರಬೇಕಲ್ಲ, ಎಷ್ಟು ಆಗಿರಬೇಕು ಅಂತ ನನಗ ಕೇಳ್ತಾಳ.

ಒಂದೇ ದಿನದ ಕೆಲಸ. ಲ್ಯಾರಿಗಿ ಹೋಗಿ, ಅಂವಾ ಇದ್ರ ಅಂಗಿ ಕೊಟ್ಟು, ಮಾರಿ ನೋಡಿ ಬಾ. ಈ ದುನಿಯಾದಾಗ ಅವನ ಮಾರಿ ಗುರ್ತ ಇರಾಂವಾ, ಕರಾಚಿಗಿ ಹೋಗಾಂವಾ, ನೀ ಒಬ್ಬನೇ ಇದ್ದಿ.

ಖಾಜಾಮಿಯಾ


ಉಮರಗಾ ತಾಲೂಕು
೫ ಏಪ್ರಿಲ್ ೧೯೫೯

ಖಾಜಾ,

ಕಾಗದ ಮುಟ್ಟಿ ನಾಕು ದಿನ ಆಯ್ತು. ರಾಶಿ ಕೆಲಸದಾಗ ಇದ್ದೆ.

ಮಾಸ್ತರಗ ಕೇಳಿದೆ. ಹಿಂದುಸ್ತಾನದವರಿಗಿ ಕರಾಚ್ಯಾಗ ಇಳೀಲಕ ಬಿಡಾದು ಕಠಿಣ ಅಂತ. ಇಳದ್ರೂ ಲ್ಯಾರಿ ಬಂದರಕ್ಕ ಸಮೀಪ ಅದನೋ ದೂರ ಅದನೋ. ಮತ್ತ ಎಡಚರು ಎಷ್ಟು ಮಂದಿ ಇರಂಗಿಲ್ಲ, ನಮ್ಮ ಊರಾಗೇ ಮೂವರು ಅದಾರ. ಹಡಗು ಕರಾಚಿಗಿ ಹೋಗದೇ ಸೀದಾ ಹೋಗ್ತದ ಅಂತ ಭೀ ಒಬ್ಬರು ಅಂದ್ರು. ನನಗ ಸೊಂಟ ಹಿಡದದ, ಹೋಗಾದೇ ಪಕ್ಕಾ ಇಲ್ಲ.

ಇನ್ನೊಂದು ಮಾತು. ಹತ್ತು ವರ್ಷದಾಗ ಅಂವಾ ಒಂದು ಕಾಗದ ಹಾಕಿಲ್ಲ ಅಂದ್ರ ಅವಗ ಅಲ್ಲಿ ಹೆಂಡತಿ ಮಕ್ಕಳು ಇರಬಹುದು. ಹಿಂದಿನದು ಬ್ಯಾಡ ಅನ್ನಿಸಿರಬಹುದು. ಯಾಕ ಕೆದರಬೇಕು. ಅಮ್ಮಿಗಿ ಅಂಗಿ ಹೊಲೀಬ್ಯಾಡ ಅನ್ನು. ಇರೋ ಕಣ್ಣೂ ಹೋಗ್ತಾವ.

ಒಬ್ಬ ಅಯ್ಯ ಹಡಗು ಏರಿದ್ನಂತ, ನೀರು ನೋಡಿ ಇಷ್ಟು ದೊಡ್ಡ ಬಾವಿ ತೋಡಿದ ಮಣ್ಣು ಎಲ್ಲಿ ಹಾಕ್ಯಾರ ಅಂತ ಕೇಳಿದ್ನಂತ. ಇದು ಅಮ್ಮಿಗಿ ಹೇಳು. ನಗು ಬರದಿದ್ರ ಬಿಡು, ಬರೀವಾಗ ನನಗೂ ಬರಲಿಲ್ಲ.

ರೇವಣಪ್ಪ


ಹೈದ್ರಾಬಾದ
೧೩ ಏಪ್ರಿಲ್ ೧೯೫೯

ರೇವಣಪ್ಪ,

ನಿನ್ನ ಕಾಗದ ಅಮ್ಮಿಗಿ ಓದಿ ಹೇಳಲಿಲ್ಲ. ಸೊಂಟ ಹಿಡದದ ಅಂತ ಅಷ್ಟೇ ಹೇಳಿದೆ. ಎಣ್ಣಿ ಕಾಸಿ ತಿಕ್ಕಲಕ ಹೇಳು ಅಂದ್ಳು.

ನಿನಗ ಸಣ್ಣಾಂವಾ ಇದ್ದಾಗಿಂದ ಬಲ್ಲೆ. ಕೆಲಸ ಒಲ್ಲೆ ಅನ್ನಬೇಕಾದ್ರ ನೀ ಒಂದು ನೆವ ಹೇಳ್ತಿ. ಹೆದರಿದಾಗ ಆರು ಹೇಳ್ತಿ. ಈ ಸರ್ತಿ ಆರು ಹೇಳೀದಿ. ಎಣಿಸಿ ನೋಡು.

ನಮ್ಮಣ್ಣಗ ಹೆಂಡತಿ ಮಕ್ಕಳು ಇದ್ರ ಅವ್ವಗ ಮರೀತಾನೇನು? ಮೌಲಾಲಿ ಹಂಗಿದ್ನೇನು? ನೀನೇ ಹೇಳು.

ಹತ್ತು ವರ್ಷದಾಗ ನೀ ಒಮ್ಮಿನೂ ಹೈದ್ರಾಬಾದಕ್ಕ ಬಂದಿಲ್ಲ. ನಾವು ಊರು ಬಿಡುವಾಗ ಬಂಡಿ ತನಕ ಬಂದಿ, ಅಮ್ಮಿ ಕಾಲು ಮುಟ್ಟಿದಿ, ಮಾರಿ ನೋಡಲಿಲ್ಲ. ಆವಾಗ ನಾ ನಮ್ಮ ಮಂದಿಗಿ ಆದದ್ದಕ್ಕ ನಿನಗ ನಾಚಿಕಿ ಆಗ್ಯದ ಅಂತ ತಿಳಕೊಂಡಿದ್ದೆ.

ಅಮ್ಮಿ ಜಿದ್ದಿಗಿ ಬಿದ್ದಾಳ. ನೀ ಮುಂಬಯಿ ರೈಲ ಏರಾ ದಿನ ಸೋಲಾಪುರ ಟೇಸನಕ್ಕ ತಾನೇ ಬರ್ತಾಳಂತ, ಅಂಗಿ ನಿನ್ನ ಕೈಲಿ ತಾನೇ ಕೊಡ್ತಾಳಂತ, ನಿನ್ನ ತಲಿ ಮ್ಯಾಲ ಕೈ ಇಟ್ಟು ಕಳಸ್ತಾಳಂತ. ಆಕಿಗಿ ಹಿಡದು ಕೂಡಸಾದು ನನ್ನಿಂದ ಆಗಂಗಿಲ್ಲ.

ಅದಕ್ಕೇ ಈಗ ಕೇಳ್ತೀನಿ. ಗುಲಬರ್ಗಾ ಟೇಸನ್ದಾಗ ನಮ್ಮಣ್ಣ ರೈಲ ಏರಿದ್ದು ನೀ ಕಣ್ಣಿಲಿ ನೋಡಿದಿಯೇನು?

ಖಾಜಾಮಿಯಾ


ಉಮರಗಾ ತಾಲೂಕು
೧೯ ಏಪ್ರಿಲ್ ೧೯೫೯

ಖಾಜಾ,

ಇದು ನೀ ಒಬ್ಬನೇ ಓದು.

ನೋಡಿಲ್ಲ. ಮೌಲಾಲಿ ಕರಾಚಿಗಿ ಹೋಗಿಲ್ಲ, ಗುಲಬರ್ಗಾಕ್ಕ ಭೀ ಹೋಗಿಲ್ಲ. ನಮ್ಮ ಪಡುವಲ ಹೊಲದಾಗೇ ಅದಾನ.

ಆ ವರ್ಷ ಅಲ್ಲಿ ನಾ ಬಾವಿ ತೋಡ್ಲಕತ್ತಿದ್ದೆ, ನಿನಗ ನೆನಪದ. ಐದು ಆಳು ಆಳ ಹೋಗಿತ್ತು, ನೀರು ಬಿದ್ದಿದ್ದಿಲ್ಲ. ಅವತ್ತು ಮುಂಜಾನಿ ಮೌಲಾಲಿ ನಮ್ಮ ಕೊಟ್ಟಿಗ್ಯಾಗ ಎತ್ತಿಗಿ ನಾಲ ಹೊಡೀಲಕತ್ತಿದ್ದಾ. ಹೊರಗಿಂದ ಮಂದಿ ಬರ್ಲಕತ್ತಾರ, ಮನಿ ಮನಿ ಹೊಕ್ಕು ಹುಡುಕ್ತಾರ ಅಂತ ಖಬರ ಬಂತು. ಮನ್ಯಾಗ ಇಟ್ರ ಸಿಗ್ತಾನ. ಬಣವ್ಯಾಗ ಇಟ್ರ ಬೆಂಕಿ ಹಚ್ಚತಾರ. ನೀರು ಬೀಳದ ಬಾವ್ಯಾಗ ಹೊರಗಿನವರು ಇಣುಕಿ ನೋಡಬಾರದು, ಗಂಗಿ ಸಿಟ್ಟಾಗ್ತಾಳ ಅಂತ ನಮ್ಮ ಕಡಿ ಎಲ್ಲಾರೂ ನಂಬ್ತಾರ. ಅದೇ ಛಲೋ ಜಾಗಾ ಅನ್ನಿಸ್ತು. ಹಗ್ಗ ಕಟ್ಟಿ ಇಳಿಸಿದೆ. ನಾಕು ರೊಟ್ಟಿ ಕೊಟ್ಟೆ, ಒಂದು ತಂಬಗಿ ನೀರು ಕೊಟ್ಟೆ. ಹಗ್ಗ ಅಲ್ಲೇ ಬಿಟ್ರ ಒಳಗ ಯಾರೋ ಅದಾರ ಅಂತ ಗೊತ್ತಾಗ್ತದ ಅಂತ ಮ್ಯಾಲ ಎಳ್ಕೊಂಡೆ.

ಅಂವಾ ಕೆಳಗಿಂದ ಅಂದಾ, "ಲೇ ರೇವಣ್ಯಾ, ಗ್ವಾಡಿ ತೊಯ್ದದ."

ನಾ ಅಂದೆ, "ನಿನಗ ನೋಡಿ ಕಲ್ಲು ಬೆವತದ, ಸುಮ್ಮ ಕೂಡು."

ಅಂವಾ ನಕ್ಕಾ.

ಹನ್ನೊಂದು ಬಾವಿ ತೋಡಿದಾಂವಾ ನಾ. ಕಲ್ಲು ಬೆವತ್ರ ಸೆಲಿ ಗೇಣು ದೂರದಾಗ ಅದ, ಸಾಮಾನು ಮ್ಯಾಲ ತಗೋರಿ ಅಂತ ಆಳು ಮಂದಿಗಿ ಕಲಿಸಿದಾಂವಾ ನಾ. ಅವತ್ತು ನನಗ ಅದು ಹಾಸ್ಯಕ್ಕ ಒಂದು ಮಾತು ಆಗಿ ಸಿಕ್ತು, ಅಷ್ಟೇ.

ಮಂದಿ ಬಂದ್ರು. ಮೂವತ್ತು ಮಂದಿ ಇದ್ದಾರು. ನಮ್ಮ ಅಂಗಳದಾಗೇ ಕುಂತ್ರು. ಅವರು ಹೊಲದ ಕಡಿ ಹೋಗಬಾರದು ಅಂತ ಕಸ್ತೂರಿ ರೊಟ್ಟಿ ಬಡದು ಹಾಕಿದ್ಳು, ನಾ ಹಾಸ್ಯ ಹೇಳ್ಲಕ ಕುಂತೆ. ಹೊಟ್ಟಿ ಹಿಡ್ಕೊಂಡು ನಕ್ರು. ಇನ್ನೊಂದು ಹೇಳೋ ರೇವಣಪ್ಪ ಅಂತಿದ್ರು. ನಾ ಇನ್ನೊಂದು ಹೇಳ್ತಿದ್ದೆ. ಮಳಿ ಹಿಡೀತು. ಮಳಿ ಅಂತ ಅವರು ಏಳಲಿಲ್ಲ. ನಾ ಎದ್ರ ನನ್ನ ಹಿಂದ ಬರ್ತಾರ ಅಂತ ನಾ ಏಳಲಿಲ್ಲ. ಜನ್ಮದಾಗ ಅಷ್ಟು ಛಲೋ ನಾ ಎಂದೂ ಮಾತಾಡಿಲ್ಲ.

ಮರುದಿನ ಮಧ್ಯಾಹ್ನ ಎದ್ದು ಹೋದ್ರು. ನಾ ಹಗ್ಗ ಹೊತ್ಕೊಂಡು ಓಡಿದೆ. ಸೆಲಿ ಒಡದು ಎರಡು ಆಳು ನೀರು ನಿಂತಿತ್ತು. ಮ್ಯಾಲ ಟೊಪಿಗಿ ತೇಲ್ತಿತ್ತು.

ಅಂವಾ ಒದರಿರಬೇಕು. ಗ್ವಾಡಿ ಹಿಡ್ಕೊಂಡು ಏರಲಕ ನೋಡಿರಬೇಕು. ಕಲ್ಲಿನ ಮ್ಯಾಲ ಗುರ್ತು ಇದ್ದವು.

ತೆಗೀಲಕ ಯಾರಿಗಿ ಕರೀಲಿ. ಆ ಮಂದಿ ಇನ್ನಾ ದಾರಿ ಮ್ಯಾಲೇ ಇದ್ರು. ನೀರು ನಾರ್ತದ, ಈ ಬಾವಿ ಬ್ಯಾಡ ಅಂತ ಊರಿಗಿ ಹೇಳಿ, ಎಂಟು ದಿನ ಬಂಡಿ ಕಟ್ಟಿ ಕಲ್ಲು ಮಣ್ಣು ತಂದು ಮುಚ್ಚಿದೆ. ಎತ್ತಿನ ಕಾಲಾಗ ಅಂವಾ ಹೊಡದ ನಾಲ ಇದ್ದವು. ಕಸ್ತೂರಿ ಬುಟ್ಟಿ ಹೊತ್ತಳು. ಹತ್ತು ವರ್ಷದಾಗ ಆಕಿ ಆ ಮಾತು ಒಮ್ಮಿನೂ ತಗದಿಲ್ಲ.

ಉದಗೀರದಿಂದ ಅಮ್ಮಿ ಬಂದು, ನನ್ನ ಮಗ ಎಲ್ಲಿ ಅಂದ್ಳು. ಖರೆ ಹೇಳಬೇಕು ಅಂತೇ ಬಾಯಿ ತಗದೆ. ಈ ಬಾಯಿಗಿ ಒಂದೇ ಚಟ ಅದ. ಧೋತ್ರ, ವಿಭೂತಿ, ಟಿಕೆಟ ಕಲೆಕ್ಟರ, ಎಲ್ಲಾ ತಾನಾಗೇ ಬಂತು. ಅಮ್ಮಿ ನಕ್ಕಳು. ನಕ್ಕವರ ಕಡಿಂದ ಅದನ್ನ ಹಿಂದಕ ಹ್ಯಾಂಗ ತಗೋಬೇಕು.

ಟ್ಯುನಿಸ್ಕ ಯಾಕ ಹೂಂ ಅಂದೆ ತಿಳೀಲಿಲ್ಲ ಅಂತ ಬರದಿದ್ದೆ. ತಿಳದಿತ್ತು. ಓಡಿ ಬಂದ ಯಾರಿಗಾದ್ರೂ ಒಂದು ಬಾವಿ ತೋಡಬೇಕು, ಅದರಾಗ ಇಳದವರೆಲ್ಲಾ ಜೀವಂತ ಮ್ಯಾಲ ಬರಬೇಕು, ಆಮ್ಯಾಲ ನಾ ಸತ್ರೂ ಆಯ್ತು ಅಂತ ಇತ್ತು.

ಏನು ಮಾಡ್ಲಿ ಹೇಳು. ಪೊಲೀಸರ ಕಡಿ ಹೋಗು ಅಂದ್ರ ಹೋಗ್ತೀನಿ. ಬಾವಿ ತೆಗಿ ಅಂದ್ರ ಪಾಸಪೋರ್ಟ ಒಲ್ಯಾಗ ಹಾಕಿ ನಾಳಿಗೇ ಹಾರಿ ಹಿಡೀತೀನಿ. ಅಮ್ಮಿಗಿ ಸೋಲಾಪುರಕ್ಕ ಬರಗೊಡಬ್ಯಾಡ. ಆಕಿ ಕೈ ನನ್ನ ತಲಿ ಮ್ಯಾಲ ಬಿತ್ತಂದ್ರ ನಾ ಅಲ್ಲೇ ರೈಲಿನ ಕೆಳಗ ಹೋಗ್ತೀನಿ.

ರೇವಣಪ್ಪ


ಉಮರಗಾ
೧ ಮೇ ೧೯೫೯

ಖಾಜಾ,

ಹನ್ನೆರಡು ದಿನ ಆಯ್ತು. ದಿನಾ ಟಪಾಲ ಕಚೇರಿಗಿ ಹೋಗಿ ನಿಂದರ್ತೀನಿ. ಬೈದಾದ್ರೂ ಒಂದು ಕಾರ್ಡ ಹಾಕು.

ರೇವಣಪ್ಪ


ಹೈದ್ರಾಬಾದ
೭ ಮೇ ೧೯೫೯

ರೇವಣಪ್ಪ,

ನಿನ್ನ ಕಾಗದ ಬಂದಾಗ ಅಮ್ಮಿ ಎದುರಿಗೇ ಕುಂತಿದ್ಳು. ಒಬ್ಬನೇ ಓದು ಅಂತ ನೀ ಬರದದ್ದು ಮೊದಲೇ ಕಣ್ಣಿಗಿ ಬಿತ್ತು, ಅದಕ್ಕೇ ಸುಮ್ಮ ಓದಿದೆ. ಓದಾದು ಮುಗೀತು. ಏನು ಬರದಾನ ಅಂದ್ಳು. ಸೊಂಟ ಛಲೋ ಆಗ್ಯದಂತ, ಲ್ಯಾರಿಗಿ ಪಕ್ಕಾ ಹೋಗ್ತಾನಂತ ಅಂದೆ.

ನನ್ನ ಬಾಯಿಂದ ಭೀ ಬಂತು ನೋಡು. ಏನೂ ಯೋಚನಿ ಮಾಡಿದ್ದಿಲ್ಲ. ನಿನಗ ಭೀ ಹಂಗೇ ಬಂದಿರಬೇಕು ಅಂತ ತಿಳೀತು. ಇಷ್ಟು ತಿಳದದ ಅಂದ್ರ ಮಾಫ ಮಾಡ್ಯಾನ ಅಂತ ತಿಳಕೋಬ್ಯಾಡ.

ಹತ್ತು ದಿನ ನಾಲ ಹೊಡೀಲಿಲ್ಲ. ಕುದರಿ ಕಾಲು ಹಿಡದ್ರ ನಮ್ಮಣ್ಣನ ಕೈ ಕಾಣ್ತಾವ, ಗ್ವಾಡಿ ಪರಚುವ ಕೈ. ನಮ್ಮಣ್ಣಗ ವೈರಿ ಕೊಂದಿದ್ರ ನನಗ ಬೈಲಕ ಒಬ್ಬ ಇರ್ತಿದ್ದಾ. ನೀ ನನಗ ಅದೂ ಉಳಿಸಿಲ್ಲ.

ಅಮ್ಮಿಗಿ ಉಸಿರಿನ ರೋಗ ಜೋರ ಆಗ್ಯದ. ಮಳಿಗಾಲ ದಾಟಾದು ಕಠಿಣ ಅಂತ ಹಕೀಮ ಹೇಳ್ಯಾನ. ಸೋಲಾಪುರದ ಮಾತು ಅದರಿಂದಾಗೇ ನಿಂತದ. ಮಗ ಇಲ್ಲ ಅಂತ ತಿಳಕೊಂಡು ಹೋಗಬೇಕೋ, ಸಿಕ್ಕಾ ಅಂತ ತಿಳಕೊಂಡು ಹೋಗಬೇಕೋ, ಹೇಳು ಅಂತ ಅಲ್ಲಾಗ ಕೇಳಿದೆ. ಕಡೀಕ ನಾನೇ ಠರಾಯಿಸೀನಿ.

ನೀ ಹಡಗು ಏರು. ಕರಾಚಿಂದ ಅಮ್ಮಿಗಿ ಕಾಗದ ಹಾಕು, ಅಲ್ಲಿಂದೇ ಬಂದದ್ದು ಅಂತ ಕಾಣಬೇಕು, ಕರೀಮನ ಹೆಂಡತಿ ಟಪಾಲಿನ ಮುದ್ರಿ ನೋಡ್ತಾಳ. ಅಂವಾ ಸಿಕ್ಕಾ ಅಂತ ಬರಿ. ಛಲೋ ಬರಿ. ನಿನಗ ಬರ್ತದ. ನೀನೇ ಕಟ್ಟಿದ್ದು, ನೀನೇ ಮುಗಿಸು.

ಆಕಿ ಹೋದ ಮ್ಯಾಲ ನಾ ಬರ್ತೀನಿ. ಆವಾಗ ನೀನೇ ಹಾರಿ ಹಿಡದು ಆ ಬಾವಿ ತೆಗೀಬೇಕು. ನಮ್ಮಣ್ಣಗ ಕಫನ ಆಗಬೇಕು, ನಮಾಜ ಆಗಬೇಕು. ಅಲ್ಲಿ ತನಕ ನನ್ನ ಹೆಸರಿಗಿ ಕಾಗದ ಬ್ಯಾಡ.

ಅಂಗಿ ಮಾಸ್ತರನ ಪತ್ತಾಕ್ಕ ಪಾರ್ಸಲ ಮಾಡೀನಿ.

ಖಾಜಾಮಿಯಾ


ಕರಾಚಿ ಬಂದರ
೨೦ ಮೇ ೧೯೫೯

ಹುಸೇನಬಿ ಅಮ್ಮಿಗಿ, ನಿನ್ನ ಕೈಲಿ ಬೈಸ್ಕೊಂಡು ದೊಡ್ಡಾಂವಾ ಆದ ರೇವಣ್ಯಾ ಕಾಲಿಗಿ ಬಿದ್ದು ಹೇಳಾದು.

ಸಿಕ್ಕಾ. ಮೌಲಾಲಿ ಸಿಕ್ಕಾ, ಅಮ್ಮಿ. ಹುಡುಕಲಕ ಒಂದು ತಾಸು ಭೀ ಹಿಡೀಲಿಲ್ಲ. ಲ್ಯಾರ್ಯಾಗ ಹೊಕ್ಕು ನಾಲಬಂದರು ಎಲ್ಲಿ ಅಂತ ಕೇಳಿದೆ. ಒಂದು ಕತ್ತಿ ಒದರಿತು, ಅದರ ಹಿಂದ ಒಬ್ಬಾಂವಾ ಅದಕ್ಕಿಂತ ಜೋರ ಒದರಿದಾ. ಆ ದನಿ ನನಗ ಗುರ್ತ ಸಿಗಂಗಿಲ್ಲೇನು.

ದಪ್ಪ ಆಗ್ಯಾನ. ನೀ ಹೊಲದ ಅಂಗಿ ಹೊಟ್ಟಿ ಹತ್ರ ಬಿಗಿ ಆಯ್ತು, ಆದ್ರೂ ಬಿಚ್ಚಲಿಲ್ಲ. ಗಡ್ಡ ಅರ್ಧ ಬೆಳ್ಳಗ ಆಗ್ಯದ. ಲಗ್ನ ಆಗ್ಯಾನ. ಸೊಸಿ ಕಡಿಮಿ ಮಾತಿನಾಕಿ, ಬೈಯ್ಯಾದು ಮಾತ್ರ ಪಕ್ಕಾ ನಿನ್ನ ಹಂಗೇ. ಇಬ್ಬರು ಹೆಣ್ಣುಮಕ್ಕಳು ಅವ. ಸಣ್ಣಾಕಿಗಿ ನಿನ್ನ ಹೆಸರು ಇಟ್ಟಾನ. ಅದು ನನ್ನ ಬೂಟು ನೋಡಿ ಅಂಜಿ ಅವ್ವನ ಸೆರಗಿನ್ಯಾಗ ಹೊಕ್ಕಿತು.

ಕಾಗದ ಯಾಕ ಹಾಕಿಲ್ಲ ಅಂತ ಜಬರದಸ್ತ ಬೈದೆ. ಊರು ಬಿಟ್ಟು ಬಂದ ಮ್ಯಾಲ ಯಾರು ಎಲ್ಲದಾರ ಅಂತ ನನಗ ಹ್ಯಾಂಗ ಗೊತ್ತಾಗಬೇಕು ಅಂದಾ. ಅತ್ತಾ. ಗಡಿ ಬಿಗಿ ಆಗ್ಯದ, ಬರ್ಲಕ ಆಗಂಗಿಲ್ಲ, ಅಮ್ಮಿಗಿ ಫಿಕೀರ ಮಾಡಬ್ಯಾಡ ಅನ್ನು ಅಂದಾ. ಹೊಟ್ಟಿ ತುಂಬ ಉಣ್ತೀನಿ, ಕಣ್ಣು ತುಂಬ ಮಲಗ್ತೀನಿ ಅನ್ನು ಅಂದಾ.

ನನ್ನ ಮ್ಯಾಲ ಸಿಟ್ಟು ಏನಾದ್ರೂ ಅದ ಏನೋ ಅಂತ ಕೇಳಿದೆ. ಹುಚ್ಚಾ, ನನಗ ಉಳಿಸಿದಾಂವಾ ನೀನೇ ಅಲ್ಲೇನು ಅಂದಾ. ಇದು ನಾ ಕೂಡಿಸಿ ಹೇಳ್ಲಕತ್ತಿಲ್ಲ ಅಮ್ಮಿ, ಅವನೇ ಅಂದದ್ದು.

ನಿನ್ನ ಮಗ ಆರಾಮ ಅದಾನ. ನೀನೂ ಆರಾಮ ಇರು.

ನಿನ್ನ ರೇವಣ್ಯಾ


ಖಾಜಾ,

ಇದು ಒಳಗಿನ ಚೀಟಿ, ನಿನಗ. ಬರೀಬ್ಯಾಡ ಅಂದಿದ್ದಿ. ಇದೊಂದು ಓದಿ ಹರದು ಹಾಕು.

ಮ್ಯಾಲಿನ ಕಾಗದ ಛಲೋ ಆಗ್ಯದೋ ಇಲ್ಲೋ ನನಗ ತಿಳೀವಲ್ದು. ಮುಂಬಯಿ ಬಿಟ್ಟಾಗಿಂದ ಏಳು ಸರ್ತಿ ಬರದು ಹರದೀನಿ. ಹಡಗಿನ ಮುನಶಿ ಈಗ ಕರಾಚ್ಯಾಗ ಇಳಸಾ ಟಪಾಲಿನ ಚೀಲ ಕಟ್ಟಲಕತ್ತಾನ, ಜಲ್ದಿ ಕೊಡು ಅಂತಾನ.

ನಮಗ ಇಳೀಲಕ ಬಿಡಲಿಲ್ಲ. ಮುಂಜಾನಿಂದ ಹಡಗಿನ ಅಂಚಿನ ಕಠಡಾ ಹಿಡ್ಕೊಂಡು ಮ್ಯಾಲೇ ನಿಂತಿದ್ದೆ. ಕೆಳಗ ಹಮಾಲರು ಮೂಟಿ ಹೊರ್ತಿದ್ರು, ನೂರು ಮಂದಿ ಇದ್ದಾರು. ಸುಮ್ಮ ನೋಡಕೋತ ನಿಂತಾಂವಾ, ಯಾವಾಗ ಶುರು ಆಯ್ತು ಗೊತ್ತಿಲ್ಲ, ಒಬ್ಬೊಬ್ಬಂದೇ ಮಾರಿ ಹುಡುಕಲಕತ್ತಿದ್ದೆ. ಎಡಗೈ ಮುಂದ ಮಾಡಾಂವಾ ಯಾರು ಅಂತ ನೋಡ್ಲಕತ್ತಿದ್ದೆ. ಅಂವಾ ಎಲ್ಲದಾನ ಅಂತ ನನಗ ಗೊತ್ತಿಲ್ಲೇನು, ಖಾಜಾ. ಅವನ ಮ್ಯಾಲ ಕಲ್ಲು ಹಾಕಿದ ಕೈ ಇವೇ. ಆದ್ರೂ ಒಬ್ಬಂದೂ ಬಿಡದೇ ನೋಡಿದೆ. ಮಧ್ಯಾಹ್ನದಾಗ ಬಾಜೂಕ ಮಾಸ್ತರ ನಿಂತಿದ್ರು, ಅವರಿದ್ದಾರ ಅಂತ ಭೀ ಖಬರ ಉಳೀಲಿಲ್ಲ. ಎದಿ ಒಡ್ಯಾಂಗ ಒದರಿದೆ. ಮೌಲಾಲಿ ಅಂತ.

ಕೆಳಗ ಒಬ್ಬ ಹಮಾಲ ಮೂಟಿ ಇಳಿಸಿ ಮ್ಯಾಲ ನೋಡಿದಾ. ನಾ ಕೈ ಎತ್ತಿದೆ.

ರೇವಣಪ್ಪ